ಗ್ಯಾರೇಜು ಸ್ಟುಡಿಯೋ ಆಯಿತು, ಸದ್ದು ಮಾತ್ರ ನಿಲ್ಲಲಿಲ್ಲ: ದೋಷ ಹುಡುಕುವ ಬಗೆ

ನಮ್ಮದು ಬೆಂಗಳೂರಿನಲ್ಲಿ 30–40 ಸೈಟಿನ ಮನೆ. ಕೆಳಗೆ 10 ಅಡಿ ಅಗಲ, 18 ಅಡಿ ಉದ್ದದ ಗ್ಯಾರೇಜು. ಕಾರು ಮಾರಿದ ಮೇಲೆ ಅದು ಹಳೆ ಪೇಪರ್, ಮುರಿದ ಕುರ್ಚಿ ತುಂಬುವ ಜಾಗವಾಗಿತ್ತು. ನಾನು ಮೃದಂಗ ನುಡಿಸುತ್ತೇನೆ, ಮಗಳು ಡ್ರಮ್ಸ್ ಕಲಿಯುತ್ತಿದ್ದಾಳೆ. ಗ್ಯಾರೇಜನ್ನೇ ಸ್ಟುಡಿಯೋ ಮಾಡಿಬಿಡೋಣ ಅಂತ ಗೋಡೆಗೆಲ್ಲ ಒಂದು ಇಂಚಿನ ಫೋಮ್ ಅಂಟಿಸಿ, ನೆಲಕ್ಕೆ ಕಾರ್ಪೆಟ್ ಹಾಸಿ, ಶಟರ್‌ಗೆ ಒಳಗಿನಿಂದ ಥರ್ಮೋಕೋಲ್ ಬಡಿಸಿದೆವು. ಮೂರನೇ ದಿನ ಪಕ್ಕದ ಮನೆ ಅಜ್ಜಿ ಗೇಟಿನ ಹತ್ತಿರ ನಿಲ್ಲಿಸಿದರು. "ಏನಪ್ಪಾ, ರೂಮಿಗೆಲ್ಲ ಅದೇನೋ ಅಂಟಿಸಿದ್ರಂತಲ್ಲ? ಮೊದಲಿಗಿಂತ ಚೆನ್ನಾಗಿ ಕೇಳ್ತಿದೆ ಈಗ."

ಅಜ್ಜಿ ತಮಾಷೆ ಮಾಡಿದ್ದಲ್ಲ. ರೂಮಿನೊಳಗೆ ಗದ್ದಲ ಕಡಿಮೆಯಾಗಿ ನುಡಿಸುವ ಕೈಗೆ ಧೈರ್ಯ ಬಂದಿತ್ತು, ಮಗಳು ಇನ್ನೂ ಜೋರಾಗಿ ಬಾರಿಸುತ್ತಿದ್ದಳು. ಹೊರಗೆ ಹೋಗುವ ಸದ್ದನ್ನು ಆ ಫೋಮ್ ಕೂದಲೆಳೆಯಷ್ಟೂ ತಡೆದಿರಲಿಲ್ಲ. ಆಮೇಲೆ ಸುಮಾರು ಐದು ತಿಂಗಳು ಒಂದೊಂದೇ ದೋಷ ಹುಡುಕಿ ಸರಿ ಮಾಡಿದೆವು. ಎರಡು ಸಲ ಸರಿ ಮಾಡಿದ್ದನ್ನೇ ಕಿತ್ತು ಹಾಕಿದೆವು. ಆ ಹುಡುಕಾಟ ಯಾವ ದಾರಿ ಹಿಡಿಯಬೇಕಿತ್ತು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ದೂರು ಯಾವುದು, ಮೊದಲು ಅದನ್ನು ಬೇರೆ ಮಾಡಿ

"ಸೌಂಡ್‌ಪ್ರೂಫ್ ಸರಿಯಾಗಿಲ್ಲ" ಅನ್ನುವ ಒಂದು ಮಾತಿನಲ್ಲಿ ನಾಲ್ಕು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿರುತ್ತವೆ. ಒಳಗಿನ ಸದ್ದು ಹೊರಗೆ ಹೋಗುವುದು, ಹೊರಗಿನದ್ದು ಒಳಗೆ ಬರುವುದು, ಒಳಗೇ ಸದ್ದು ಗುಮ್ಮೆನ್ನುವುದು, ಇನ್ನು ನಾಲ್ಕನೆಯದು ವೈರಿನಲ್ಲಿ ಬರುವ ಗುಂಯ್ ಸದ್ದು. ಮೊದಲಿನ ಎರಡಕ್ಕೆ ಭಾರ ಬೇಕು, ಸಂದು ಮುಚ್ಚಬೇಕು. ಮೂರನೆಯದಕ್ಕೆ ಸದ್ದನ್ನು ಹೀರುವ ವಸ್ತು ಬೇಕು. ನಾಲ್ಕನೆಯದಕ್ಕೂ ಗೋಡೆಗೂ ಸಂಬಂಧವೇ ಇಲ್ಲ. ಒಂದರ ಮದ್ದು ಇನ್ನೊಂದಕ್ಕೆ ಹಿಡಿಯುವುದಿಲ್ಲ. ಫೋಮ್ ಮೂರನೆಯದರ ಮದ್ದು, ಅದೂ ಅರ್ಧಂಬರ್ಧ. ಮೊಟ್ಟೆ ಟ್ರೇ ಯಾವುದರ ಮದ್ದೂ ಅಲ್ಲ, ಬೆಂಕಿ ಹತ್ತಿದರೆ ಮಾತ್ರ ಚೆನ್ನಾಗಿ ಉರಿಯುತ್ತದೆ.

ಪತ್ತೆಗೆ ಬೇಕಾದ ಸಾಮಾನು ಕಡಿಮೆ: ಒಂದು ಸ್ಪೀಕರ್, ಸದ್ದಿನ ಮಟ್ಟ ತೋರಿಸುವ ಆ್ಯಪ್ ಇರುವ ಫೋನ್, ಟಾರ್ಚ್, ಊದುಬತ್ತಿ, ಸಾಧ್ಯವಾದರೆ ಒಂದು ಸ್ಟೆತಸ್ಕೋಪ್. ಹೊರಗೆ ನಿಂತು ಕೇಳಲು ತಾಳ್ಮೆ ಇರುವ ಇನ್ನೊಬ್ಬರು. ನಮ್ಮ ಮನೆಯಲ್ಲಿ ಆ ಕೆಲಸ ನನ್ನ ಹೆಂಡತಿಯದು.

ಸ್ಪೀಕರಿನಲ್ಲಿ ಪಿಂಕ್ ನಾಯ್ಸ್ ಹಾಕಿ. ಹಳೆ ಟಿವಿಯಲ್ಲಿ ಚಾನೆಲ್ ಸಿಗದಾಗ "ಸೋ" ಅನ್ನುತ್ತಿತ್ತಲ್ಲ, ಸುಮಾರಾಗಿ ಅಂಥದ್ದು. ಒಳಗೆ ಒಂದು ಅಳತೆ, ಹೊರಗೆ ಶಟರ್‌ನಿಂದ ಒಂದು ಮೀಟರ್ ದೂರದಲ್ಲಿ ಒಂದು ಅಳತೆ ಬರೆದುಕೊಳ್ಳಿ. ಫೋನಿನ ಅಂಕಿ ನಿಖರವಾಗಿರಲಿ ಬಿಡಲಿ, ಒಂದೇ ಫೋನಿನಲ್ಲಿ ನೋಡಿದರೆ ಎರಡರ ನಡುವಿನ ವ್ಯತ್ಯಾಸವನ್ನು ನಂಬಬಹುದು. ನಮ್ಮಲ್ಲಿ ಒಳಗೆ 95 ಡೆಸಿಬಲ್, ಶಟರ್ ಹೊರಗೆ 74. ಅಂದರೆ ತಡೆಯುತ್ತಿದ್ದದ್ದು ಬರೀ 21. ಪಕ್ಕದ ಇಟ್ಟಿಗೆ ಗೋಡೆಯ ಹೊರಗೆ ನಮ್ಮ ಸದ್ದು ಬೀದಿಯ ಸದ್ದಿನಲ್ಲೇ ಮುಚ್ಚಿಹೋಗಿತ್ತು. ನಾವು ಫೋಮ್ ಅಂಟಿಸಿದ್ದು ಅದೇ ಗೋಡೆಗೆ!

ಇಲ್ಲಿ ಒಂದು ಎಚ್ಚರ. ಆ್ಯಪ್‌ಗಳು ಸಾಮಾನ್ಯವಾಗಿ 'ಎ' ತೂಕದಲ್ಲಿ ಅಳೆಯುತ್ತವೆ. ಅದರಲ್ಲಿ ತಗ್ಗು ಸ್ವರಗಳ, ಅಂದರೆ ಬಾಸಿನ, ಲೆಕ್ಕ ತೀರಾ ಕಡಿಮೆ ಬರುತ್ತದೆ. ಡ್ರಮ್ಸ್, ಬಾಸ್ ಗಿಟಾರಿನ ತೊಂದರೆ ಹುಡುಕುವಾಗ 'ಸಿ' ತೂಕಕ್ಕೆ ಬದಲಾಯಿಸಿಕೊಳ್ಳಿ. ಕಾನೂನಿನ ಲೆಕ್ಕ ಮಾತ್ರ 'ಎ' ತೂಕದಲ್ಲೇ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45.

ಹೊರಗೆ ಮಾತು ಸ್ಪಷ್ಟವಾಗಿ ಕೇಳಿಸುತ್ತಿದೆ: ಸಂದು ಹುಡುಕಿ

ಒಳಗೆ ಯಾರಾದರೂ ಮಾತಾಡಲಿ. ಹೊರಗೆ ನಿಂತವರಿಗೆ ಪದಗಳು ಬಿಡಿಬಿಡಿಯಾಗಿ ತಿಳಿದರೆ, ಡ್ರಮ್ಸಿನ ತಾಳದ ತಟ್ಟೆಯ "ಚಿಕ್ ಚಿಕ್" ಕೇಳಿದರೆ, ಎಲ್ಲೋ ಗಾಳಿಗೆ ದಾರಿ ಇದೆ ಅಂತಲೇ ಅರ್ಥ. ಗೋಡೆ ತೆಳುವಾಗಿದ್ದರೆ ಸದ್ದು ಮೊಂಡಾಗಿ ಬರುತ್ತದೆ, ಸಂದು ಇದ್ದರೆ ಚುರುಕಾಗಿ ಬರುತ್ತದೆ.

ಸಂದಿನ ಲೆಕ್ಕ ನೋಡಿದರೆ ಹೊಟ್ಟೆ ಉರಿಯುತ್ತದೆ. ನಮ್ಮ ಶಟರ್ 8 ಅಡಿ ಅಗಲ, 7 ಅಡಿ ಎತ್ತರ, ಅಂದರೆ 8,064 ಚದರ ಇಂಚು. ಕೆಳಗೆ ಅರ್ಧ ಇಂಚಿನ ಸಂದು, ಅದು 48 ಚದರ ಇಂಚು. ಶೇಕಡ 0.6 ಮಾತ್ರ. ಆದರೆ ಅಷ್ಟು ಸಂದು ಬಿಟ್ಟು ಉಳಿದ ಜಾಗದಲ್ಲಿ ಎರಡಡಿ ದಪ್ಪದ ಕಲ್ಲಿನ ಗೋಡೆ ಕಟ್ಟಿದರೂ ಒಟ್ಟು ತಡೆ 22 ಡೆಸಿಬಲ್ ದಾಟುವುದಿಲ್ಲ. ಶೇಕಡ 1ರಷ್ಟು ತೆರೆದಿದ್ದರೆ 20ಕ್ಕೇ ನಿಂತುಬಿಡುತ್ತದೆ. ನೀರಿನ ತೊಟ್ಟಿಗೆ ತೂತು ಬಿದ್ದ ಹಾಗೆ, ಗೋಡೆ ಎಷ್ಟು ದಪ್ಪ ಅನ್ನುವ ಪ್ರಶ್ನೆ ಆಮೇಲಿನದು.

ರಾತ್ರಿ ರೂಮಿನ ದೀಪ ಆರಿಸಿ, ಹೊರಗಿನಿಂದ ಬಾಗಿಲಿನ ಸುತ್ತ ಟಾರ್ಚ್ ಬಿಡಿಸಿ. ಒಳಗೆ ಬೆಳಕಿನ ಗೆರೆ ಕಂಡಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬೆಳಕು ತಿರುವು ಮುರುವಿನ ದಾರಿಯಲ್ಲಿ ಬರುವುದಿಲ್ಲ, ಸದ್ದು ಬರುತ್ತದೆ. ಅದಕ್ಕೇ ಊದುಬತ್ತಿ. ಎಕ್ಸಾಸ್ಟ್ ಫ್ಯಾನ್ ಹಾಕಿ, ಊದುಬತ್ತಿಯನ್ನು ಗೋಡೆಯ ಅಂಚಿನಲ್ಲಿ ನಿಧಾನಕ್ಕೆ ಓಡಾಡಿಸಿ. ಹೊಗೆ ಎಲ್ಲಿ ಅಲುಗುತ್ತದೋ ಅಲ್ಲೊಂದು ಸಂದು. ಫೋಮ್ ಹತ್ತಿರ ಮಾತ್ರ ಹೋಗಬೇಡಿ, ಸಾಮಾನ್ಯ ಪಾಲಿಯುರೆಥೇನ್ ಫೋಮ್ ಬೇಗ ಹತ್ತಿಕೊಂಡು ವಿಷದ ಹೊಗೆ ಬಿಡುತ್ತದೆ. ನಮ್ಮ ಫೋಮನ್ನು ಕಿತ್ತದ್ದಕ್ಕೆ ಅರ್ಧ ಕಾರಣ ಅದೇ.

ನಮ್ಮಲ್ಲಿ ಸಿಕ್ಕಿದ ಸಂದುಗಳಲ್ಲಿ ಶಟರ್ ಎಲ್ಲರಿಗೂ ಹೊಳೆಯುವಂಥದ್ದು. ಅದಕ್ಕೆ ರಬ್ಬರ್ ಪಟ್ಟಿ, ಕಂಬಳಿ, ಥರ್ಮೋಕೋಲ್ ಯಾವುದೂ ಪ್ರಯೋಜನವಿಲ್ಲ. ತೆಳು ತಗಡು, ನೂರು ಕೀಲು. ಕೊನೆಗೆ ಹೊರಗಿನ ಶಟರ್ ಹಾಗೇ ಬಿಟ್ಟು, ಒಳಗೆ ಆರು ಇಂಚಿನ ಸಾಲಿಡ್ ಬ್ಲಾಕಿನ ಗೋಡೆ ಕಟ್ಟಿಸಿ, ಎರಡೂ ಕಡೆ ಗಾರೆ ಮಾಡಿಸಿದೆವು. ಗಾರೆ ಮಾಡದ ಬ್ಲಾಕ್ ಗೋಡೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿಂದಲೇ ಸದ್ದು ನುಸುಳುತ್ತದೆ. "ಒಳಗಡೆ ಹೆಂಗೂ ಜಿಪ್ಸಮ್ ಬೋರ್ಡ್ ಬರುತ್ತಲ್ಲ ಸಾರ್, ಪ್ಲಾಸ್ಟರ್ ಯಾಕೆ ವೇಸ್ಟು" ಅಂತ ಮೇಸ್ತ್ರಿ ಹೇಳುತ್ತಾರೆ. ಒಪ್ಪಬೇಡಿ.

ಬಾಗಿಲು ಎರಡನೆಯದು. ಒಳಗೆ ಟೊಳ್ಳಿರುವ ಬಾಗಿಲು ಬೇಡ, 35 ಮಿಲಿಮೀಟರಿನ ಗಟ್ಟಿ ಫ್ಲಶ್ ಡೋರ್ ಹಾಕಿಸಿ. ಸುತ್ತ ರಬ್ಬರ್ ಬೀಡಿಂಗ್ ಹಾಕಿಸಿದ ಮೇಲೆ ನ್ಯೂಸ್‌ಪೇಪರ್ ತುಂಡನ್ನು ಚೌಕಟ್ಟಿಗೂ ಬಾಗಿಲಿಗೂ ನಡುವೆ ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ರಬ್ಬರ್ ಒತ್ತುತ್ತಿಲ್ಲ. ನಮ್ಮ ಬಾಗಿಲಲ್ಲಿ ಕೀಲಿನ ಕಡೆ ಬಿಗಿಯಾಗಿತ್ತು, ಕೆಳಗೆ ಪೇಪರ್ ತಾನಾಗಿಯೇ ಬಿದ್ದುಹೋಯಿತು. ಹೊಸಿಲು ಕೂರಿಸಿ ಅದಕ್ಕೂ ರಬ್ಬರ್ ಹಾಕಿದ ಮೇಲೆ ವ್ಯತ್ಯಾಸ ಕಿವಿಗೇ ಗೊತ್ತಾಯಿತು.

ಮೂರನೆಯದು ಹೊಳೆಯಲೇ ಇಲ್ಲ. ಮೊದಲನೇ ಮಹಡಿಯ ಹಾಲಿನಲ್ಲಿ ಟಿವಿ ಹಿಂದಿನ ಸ್ವಿಚ್‌ಬೋರ್ಡಿನಿಂದ ಮೃದಂಗ ಕೇಳುತ್ತಿತ್ತು! ಗ್ಯಾರೇಜಿನಲ್ಲೇ ಮೀಟರ್ ಬೋರ್ಡ್ ಇದೆ. ಅಲ್ಲಿಂದ ಗೋಡೆಯೊಳಗೆ ಮೇಲಿನ ಮನೆಗೆ ವೈರಿನ ಪೈಪು ಹೋಗಿದೆ. ವೈರ್ ತುಂಬಿದ ಮೇಲೂ ಆ ಪೈಪು ಮುಕ್ಕಾಲು ಟೊಳ್ಳು, ನಾವು ಚಿಕ್ಕಂದಿನಲ್ಲಿ ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿ ಮಾಡುತ್ತಿದ್ದ ಟೆಲಿಫೋನಿನ ದೊಡ್ಡಣ್ಣ. ಮೇನ್ ಆಫ್ ಮಾಡಿಸಿ, ಎಲೆಕ್ಟ್ರಿಷಿಯನ್ ಕೈಯಲ್ಲಿ ಪೈಪಿನ ಬಾಯಿಗೆ ಗಟ್ಟಿಯಾಗದ ಪುಟ್ಟಿ ತುಂಬಿಸಿದೆವು. ಗೋಡೆಗೆ ಬಳಿಯುವ ಪುಟ್ಟಿ ಒಣಗಿ ಬಿರುಕು ಬಿಡುತ್ತದೆ, ಅದು ಬೇಡ. ಮೀಟರ್ ಬೋರ್ಡನ್ನು ಸ್ಟುಡಿಯೋ ಗೋಡೆಯ ಹೊರಗೇ ಉಳಿಸಿಕೊಳ್ಳಿ, ರೀಡಿಂಗ್‌ಗೆ ಬರುವವರಿಗೆ ತಲುಪುವ ಹಾಗಿರಲಿ.

ಬರೀ "ಧಬ್ ಧಬ್" ಕೇಳುತ್ತಿದೆ

ಗೋಡೆ, ಬಾಗಿಲು ಆದ ಮೇಲೆ ಅಜ್ಜಿಯ ವರದಿ ಬದಲಾಯಿತು. "ಈಗ ಹಾಡುಗೀಡು ಕೇಳಲ್ಲಪ್ಪ. ಬರೀ ಧಬ್ ಧಬ್ ಅನ್ನುತ್ತೆ, ಎದೆಯೊಳಗೆ." ಇದು ಹೊಸ ದೋಷ ಅಲ್ಲ. ಮೇಲಿನ ಸ್ವರಗಳು ನಿಂತ ಮೇಲೆ ಹಳೆಯದೇ ಎದ್ದು ಕಾಣುತ್ತಿದೆ ಅಷ್ಟೆ. ಇಲ್ಲಿಂದ ಮುಂದಿನ ಪ್ರತಿ ಡೆಸಿಬಲ್‌ಗೂ ದುಡ್ಡು ಜಾಸ್ತಿ. ಗೋಡೆಯ ತೂಕ ಎರಡು ಪಟ್ಟು ಮಾಡಿದರೆ ಸಿಗುವುದು 5ರಿಂದ 6 ಡೆಸಿಬಲ್ ಮಾತ್ರ. ಆದ್ದರಿಂದ ಭಾರ ಹೇರುವ ಮೊದಲು, ಈ ಸದ್ದು ಗಾಳಿಯಲ್ಲಿ ಹೋಗುತ್ತಿದೆಯೋ ಕಟ್ಟಡದಲ್ಲಿ ಹೋಗುತ್ತಿದೆಯೋ ನೋಡಿಕೊಳ್ಳಬೇಕು.

ಪರೀಕ್ಷೆ ಸುಲಭ. ಡ್ರಮ್ಸಿನ ರೆಕಾರ್ಡಿಂಗನ್ನು ಸ್ಪೀಕರಿನಲ್ಲಿ ನಿಜವಾದ ಡ್ರಮ್ಸಿನಷ್ಟೇ ಜೋರಾಗಿ ಹಾಕಿ, ಸ್ಪೀಕರನ್ನು ದಪ್ಪ ಹಾಸಿಗೆ ಮೇಲಿಡಿ. ಮೇಲಿನ ಮಹಡಿಯಲ್ಲಿ ಕೇಳಿ. ಆಮೇಲೆ ಡ್ರಮ್ಸನ್ನೇ ಬಾರಿಸಿ. ಸ್ಪೀಕರಿನದ್ದು ಕಡಿಮೆ ಕೇಳಿ ಡ್ರಮ್ಸಿನದ್ದು ಜಾಸ್ತಿ ಕೇಳಿದರೆ ಪೆಡಲಿನ ಏಟು ನೆಲದಿಂದ ಗೋಡೆ, ಕಂಬ ಹಿಡಿದು ಮೇಲೆ ಹತ್ತುತ್ತಿದೆ. ಸ್ಟೆತಸ್ಕೋಪನ್ನು ನೆಲ, ಕಂಬ, ಗೋಡೆಗೆ ಒಂದೊಂದಾಗಿ ಇಟ್ಟರೆ ಯಾವುದು ಜೋರು ಅಂತ ತಿಳಿಯುತ್ತದೆ.

ನಮ್ಮಲ್ಲಿ ನೆಲ ಜೋರಾಗಿತ್ತು, ಅದೂ ಒಂದು ಮೂಲೆಯಲ್ಲಿ. ಕಾರಣ ಸಂಪ್! ಬೆಂಗಳೂರಿನ ಎಷ್ಟೋ ಮನೆಗಳ ಹಾಗೆ ನಮ್ಮ ನೀರಿನ ಸಂಪ್ ಕೂಡ ಕಾರು ನಿಲ್ಲಿಸುವ ಜಾಗದ ಕೆಳಗೇ ಇದೆ. ಮಗಳ ಡ್ರಮ್ಸ್ ಸೆಟ್ಟು ಕೂತಿದ್ದದ್ದು ಸರಿಯಾಗಿ ಅದರ ಚಪ್ಪಡಿಯ ಮೇಲೆ. ಕೆಳಗೆ ಟೊಳ್ಳು, ಮೇಲೆ ಏಟು. ನಾವು ಡ್ರಮ್ಮಿನ ಮೇಲೆ ಡ್ರಮ್ ಇಟ್ಟಿದ್ದೆವು. ಸಂಪಿನ ತಗಡಿನ ಮುಚ್ಚಳ ಬೇರೆ ಅದರ ಜೊತೆ ಕುಣಿಯುತ್ತಿತ್ತು. ತುಂಬಿದ ಸಂಪ್ ಇರುವ ದಿನ ಸದ್ದು ಒಂದು ಥರ, ಖಾಲಿಯಾಗುತ್ತಾ ಬಂದ ದಿನ ಇನ್ನೊಂದು ಥರ. ವಾರಗಟ್ಟಲೆ ನಮ್ಮ ಅಳತೆಗಳು ಒಂದಕ್ಕೊಂದು ಹೊಂದದೆ ತಲೆ ಕೆಟ್ಟಿದ್ದಕ್ಕೂ ಇದೇ ಕಾರಣವಾಗಿತ್ತು.

ಡ್ರಮ್ಸನ್ನು ಎದುರು ತುದಿಗೆ ಸರಿಸಿ, ಕೆಳಗೆ ಎರಡು ಪ್ಲೈವುಡ್ ಹಾಳೆಗಳ ನಡುವೆ ಟೆನಿಸ್ ಚೆಂಡುಗಳನ್ನು ಕೂರಿಸಿದ ಜಗಲಿ ಮಾಡಿಸಿದೆವು. ಕೇಳಲು ಮಕ್ಕಳಾಟದ ಹಾಗಿದೆ, ಆದರೆ ಡ್ರಮ್ಸ್ ನುಡಿಸುವವರ ನಡುವೆ ಹಳೆಯ ಉಪಾಯ ಅದು. ಚೆಂಡು ಪೂರ್ತಿ ಚಪ್ಪಟೆಯಾಗುವಷ್ಟು ತೂಕ ಬೀಳಬಾರದು, ಜಗಲಿ ಗೋಡೆಗೆ ತಾಗಬಾರದು. ಒಂದು ಮೂಲೆ ಗೋಡೆಗೆ ತಾಗಿದರೂ ಕೆಲಸ ಕೆಟ್ಟಿತು. ಸಂಪಿನ ಮುಚ್ಚಳಕ್ಕೆ ಎರಡು ಪದರದ ಭಾರದ ಹಲಗೆ, ಸುತ್ತ ರಬ್ಬರ್. ಅದನ್ನು ಗಾರೆ ಹಾಕಿ ಮುಚ್ಚುವ ಹಾಗಿಲ್ಲ, ಟ್ಯಾಂಕರ್ ಬಂದರೆ ಪೈಪು ಬಿಡುವುದೆಲ್ಲಿ?

ಬೋರ್ಡ್ ಹಾಕಿಸಿದ ಮೇಲೆ ಬಾಸ್ ಇನ್ನೂ ಜಾಸ್ತಿಯಾಯಿತು

ಇದು ನಾವು ದುಡ್ಡು ಕೊಟ್ಟು ತಂದುಕೊಂಡ ದೋಷ. ಫಾಲ್ಸ್ ಸೀಲಿಂಗ್ ಮಾಡುವವರೊಬ್ಬರು ಗೋಡೆಗೆ ಒಂದು ಇಂಚಿನ ಪಟ್ಟಿ ಹೊಡೆದು, ಅದರ ಮೇಲೆ ಒಂದು ಪದರ ಜಿಪ್ಸಮ್ ಬೋರ್ಡ್ ಹಾಕಿ ಹೋದರು. ಮಾತು, ವೀಣೆ ಎಲ್ಲ ಕಡಿಮೆಯಾಯಿತು. ಮೃದಂಗದ ಎಡದ ಮುಚ್ಚಿಗೆ ಮಾತ್ರ ಹೊರಗೆ ಮೊದಲಿಗಿಂತ ಚೆನ್ನಾಗಿ ಕೇಳತೊಡಗಿತು.

ಬೋರ್ಡು ಒಂದು ತೂಕ, ಹಿಂದಿನ ಗಾಳಿ ಒಂದು ಸ್ಪ್ರಿಂಗು. ತೂಕಕ್ಕೆ ಸ್ಪ್ರಿಂಗ್ ಕಟ್ಟಿದರೆ ಅದಕ್ಕೆ ತನ್ನದೇ ಒಂದು ಕುಣಿತದ ವೇಗ ಇರುತ್ತದೆ. ಆ ಸ್ವರ ಬಂದಾಗ ಬೋರ್ಡ್ ತಡೆಯುವ ಬದಲು ತಾನೇ ಕುಣಿಯುತ್ತದೆ. ಹಿಂದಿನ ಗೋಡೆ ಭಾರವಾಗಿದ್ದರೆ ಲೆಕ್ಕ ಹೀಗೆ: ಬೋರ್ಡಿನ ತೂಕವನ್ನು ಒಂದು ಚದರ ಮೀಟರಿಗೆ ಎಷ್ಟು ಕೆಜಿ ಅಂತ ತೆಗೆದುಕೊಳ್ಳಿ, ಬೋರ್ಡಿಗೂ ಗೋಡೆಗೂ ನಡುವಿನ ಸಂದಿನ ಅಗಲವನ್ನು ಮೀಟರಿನಲ್ಲಿ. ಎರಡನ್ನೂ ಗುಣಿಸಿ, ವರ್ಗಮೂಲ ತೆಗೆದು, 60ನ್ನು ಅದರಿಂದ ಭಾಗಿಸಿ. ಒಂದು ಪದರ ಬೋರ್ಡ್ ಸುಮಾರು 10 ಕೆಜಿ, ಸಂದು ಒಂದು ಇಂಚು ಅಂದರೆ 0.025 ಮೀಟರ್. ಉತ್ತರ 120 ಹರ್ಟ್ಜ್, ಅಂದರೆ ಸೆಕೆಂಡಿಗೆ 120 ಕಂಪನ. ನಡು ಬಾಸಿನ ಮಧ್ಯದಲ್ಲೇ! ಸಂದನ್ನು 10 ಸೆಂಟಿಮೀಟರ್ ಮಾಡಿ, ಎರಡು ಪದರ ಬೋರ್ಡ್ ಹಾಕಿದರೆ 42 ಹರ್ಟ್ಜ್‌ಗೆ ಇಳಿಯುತ್ತದೆ. ಆ ಸ್ವರದ ಸುಮಾರು ಒಂದೂವರೆ ಪಟ್ಟಿನ ಮೇಲೆ ಮಾತ್ರ ಬೋರ್ಡ್ ನಿಜವಾಗಿ ದುಡಿಯಲು ಶುರುಮಾಡುತ್ತದೆ.

ನಿಮ್ಮಲ್ಲಿ ಇದೇ ದೋಷವೇ ಅಂತ ತಿಳಿಯಲು ಟೋನ್ ಜನರೇಟರ್ ಆ್ಯಪಿನಿಂದ 40ರಿಂದ 200 ಹರ್ಟ್ಜ್‌ವರೆಗೆ ನಿಧಾನಕ್ಕೆ ಏರಿಸುತ್ತಾ ಹೋಗಿ, ಹೊರಗೆ ಯಾವ ಜಾಗದಲ್ಲಿ ಸದ್ದು ಇದ್ದಕ್ಕಿದ್ದಂತೆ ಎದ್ದೇಳುತ್ತದೆ ಅಂತ ಬರೆದುಕೊಳ್ಳಿ. ಲೆಕ್ಕದ ಅಂಕಿಯ ಹತ್ತಿರ ಬಂದರೆ ಬೋರ್ಡೇ ಅಪರಾಧಿ. ಸಂದಿನಲ್ಲಿ ಗ್ಲಾಸ್‌ವೂಲ್ (ಗಾಜಿನ ನಾರಿನ ಉಣ್ಣೆ) ತುಂಬಿದರೆ ಆ ಕುಣಿತ ತಣ್ಣಗಾಗುತ್ತದೆ. ತುಂಬುವಾಗ ಮಾಸ್ಕ್, ಕೈಗವಸು ಬೇಕೇ ಬೇಕು. ನಾನು ತೋಳಿಲ್ಲದ ಬನಿಯನ್ನಿನಲ್ಲಿ ಶುರುಮಾಡಿ ಎರಡು ದಿನ ಮೈ ಕೆರೆದುಕೊಂಡೆ.

ಲೆಕ್ಕ ಸರಿಯಿದ್ದೂ ತಡೆ ಕಡಿಮೆ ಇದ್ದರೆ, ಎಲ್ಲೋ ಎರಡು ಪದರ ಒಂದಕ್ಕೊಂದು ತಾಗಿವೆ. ಉದ್ದದ ಸ್ಕ್ರೂ ಬೋರ್ಡ್ ದಾಟಿ ಹಿಂದಿನ ಗೋಡೆ ಮುಟ್ಟಿರಬಹುದು. ಎರಡು ಗೋಡೆಗಳ ನಡುವೆ ಕಟ್ಟುವಾಗ ಬಿದ್ದ ಗಾರೆ ಅಲ್ಲೇ ಗಟ್ಟಿಯಾಗಿ ಸೇತುವೆ ಆಗಿರಬಹುದು. ಸ್ಟೆತಸ್ಕೋಪ್ ಇಟ್ಟು ಅರ್ಧರ್ಧ ಅಡಿ ಸರಿಯುತ್ತಾ ಹೋದರೆ ಒಂದು ಜಾಗದಲ್ಲಿ ಸದ್ದು ಗಟ್ಟಿಯಾಗುತ್ತದೆ. ನಮಗೆ ಅಂಥ ನಾಲ್ಕು ಸ್ಕ್ರೂ ಸಿಕ್ಕಿದವು.

ಒಳಗೆ ಕೇಳಲು ಚೆನ್ನಾಗಿಲ್ಲ

ರೂಮಿನ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಹಿಂದೆಯೇ "ಟರ್ರ್" ಅಂತ ಬಂದರೆ ಎದುರುಬದುರು ಬೋಳು ಗೋಡೆಗಳ ನಡುವೆ ಸದ್ದು ಓಡಾಡುತ್ತಿದೆ. ಒಂದು ಕಡೆಯ ಗೋಡೆಗೆ ಹೀರುವ ಪ್ಯಾನೆಲ್ ಹಾಕಿದರೆ ಸಾಕು. ಇದು ಸುಲಭದ್ದು.

ಕಷ್ಟದ್ದು ಗುಮ್ಮೆನ್ನುವುದು. ಒಂದು ಮೂಲೆಯಲ್ಲಿ ಬಾಸ್ ಕಿವಿಗೆ ಗುದ್ದುತ್ತದೆ, ನಡುವೆ ಕೂತರೆ ಮಾಯ. ಎರಡು ಗೋಡೆಗಳ ದೂರಕ್ಕೆ ಹೊಂದುವ ಸ್ವರ ಅಲ್ಲೇ ನಿಂತುಬಿಡುತ್ತದೆ. ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್, ಅದನ್ನು ದೂರದ ಎರಡು ಪಟ್ಟಿನಿಂದ ಭಾಗಿಸಿ. ನಮ್ಮ 18 ಅಡಿಗೆ 31 ಹರ್ಟ್ಜ್, 10 ಅಡಿಗೆ 56. ಗ್ಯಾರೇಜಿನ ಎತ್ತರವೂ 10 ಅಡಿ. ಅಗಲಕ್ಕೂ ಎತ್ತರಕ್ಕೂ ಒಂದೇ ಸ್ವರ, ಆದ್ದರಿಂದ 56 ಹರ್ಟ್ಜ್ ಎರಡು ಪಟ್ಟು ಮೆರೆಯುತ್ತಿತ್ತು. ಫಾಲ್ಸ್ ಸೀಲಿಂಗ್ ಇಳಿಸಿದ ಮೇಲೆ ಎರಡೂ ಬೇರೆ ಬೇರೆಯಾದವು. ಒಂದು ಇಂಚಿನ ಫೋಮ್ ಇದಕ್ಕೆ ಏನೂ ಮಾಡಲಾರದು. 100 ಹರ್ಟ್ಜ್ ಸದ್ದಿನ ಒಂದು ಅಲೆ 3.4 ಮೀಟರ್ ಉದ್ದ, ಅದಕ್ಕೆ ಒಂದು ಇಂಚು ಯಾವ ಲೆಕ್ಕ? ಫೋಮ್ ಮೇಲಿನ ಸ್ವರಗಳನ್ನಷ್ಟೇ ನುಂಗಿ, ರೂಮನ್ನು ರಜಾಯಿ ಹೊದ್ದ ಹಾಗೆ ಮಾಡುತ್ತದೆ. ದಪ್ಪ ಗ್ಲಾಸ್‌ವೂಲ್ ಪ್ಯಾನೆಲ್‌ಗಳಿಗೆ ಬಟ್ಟೆ ಸುತ್ತಿ, ನೆಲದಿಂದ ಚಾವಣಿಯವರೆಗೆ ಮೂಲೆಗಳಲ್ಲಿ ನಿಲ್ಲಿಸಿ. ಸ್ಪೀಕರ್ ಕೇಳಲು ರೂಮಿನ ಸರಿಯಾಗಿ ಮಧ್ಯದಲ್ಲಿ ಕೂರಬೇಡಿ.

ಇನ್ನು "ಝರ್" ಅನ್ನುವ ಸದ್ದು ಒಂದೇ ಸ್ವರಕ್ಕೆ ಬಂದರೆ ಸಾಮಾನಿನ ನಡುಕ. ಮತ್ತದೇ ಟೋನ್ ಜನರೇಟರ್ ಹಾಕಿ, ನಡುಗುವುದನ್ನೆಲ್ಲ ಕೈಯಲ್ಲಿ ಒತ್ತಿ ನೋಡುತ್ತಾ ಹೋಗಿ. ನಮ್ಮದು ಹೊರಗಿನ ಶಟರ್, ಟ್ಯೂಬ್‌ಲೈಟಿನ ಪಟ್ಟಿ ಮತ್ತು ಗಣೇಶನ ಫೋಟೋ.

ರೆಕಾರ್ಡಿಂಗಿನಲ್ಲಿ ಗುಂಯ್ ಅನ್ನುತ್ತದೆ

ಮೈಕಿನ ಮುಂದೆ ಯಾರೂ ಇಲ್ಲದಾಗಲೂ ಬಂದರೆ ಇದು ಕರೆಂಟಿನ ಕಥೆ. ನಮ್ಮ ಕರೆಂಟು 50 ಹರ್ಟ್ಜ್. ದಪ್ಪ "ಗುಂ" ಆದರೆ ಅರ್ಥಿಂಗ್ ಲೂಪು (ಉಪಕರಣಗಳು ಬೇರೆ ಬೇರೆ ದಾರಿಯಲ್ಲಿ ಅರ್ಥ್ ಆಗಿ ಸುತ್ತು ಬೀಳುವುದು) ಇರಬಹುದು, ಕಿರಿಕಿರಿಯ "ಝೀ" ಆದರೆ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಅಥವಾ ಎಲ್‌ಇಡಿ ದೀಪ. ಒಂದೊಂದೇ ಸ್ವಿಚ್ ಆರಿಸಿ ನೋಡಿ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ, ಸದ್ದು ಹೋದರೆ ಉತ್ತರ ಸಿಕ್ಕಿತು. ಎಲ್ಲ ಉಪಕರಣಕ್ಕೂ ಒಂದೇ ಸಾಕೆಟ್ಟಿನಿಂದ ಕರೆಂಟ್ ಕೊಡಿ, ಮೈಕಿಗೆ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ) ಕೇಬಲ್ ಬಳಸಿ. ಕರೆಂಟ್ ಹೋದಾಗ ಮಾತ್ರ ಗುಂಯ್ ಬಂದರೆ ಇನ್ವರ್ಟರ್ ಸ್ಕ್ವೇರ್ ವೇವ್‌ನದ್ದು, ಸೈನ್ ವೇವ್‌ನದ್ದು ಬೇಕು. ಪ್ಲಗ್ಗಿನ ಅರ್ಥ್ ಪಿನ್ ಮುರಿದರೆ ಸದ್ದು ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಹೋಗುವುದು ಸದ್ದೊಂದೇ ಅಲ್ಲ, ಪ್ರಾಣವೂ ಹೋಗಬಹುದು.

ಇಪ್ಪತ್ತು ನಿಮಿಷಕ್ಕೆ ತಲೆ ಭಾರ

ಸಂದೆಲ್ಲ ಮುಚ್ಚಿದ ರೂಮಿನಲ್ಲಿ ಗಾಳಿಯೂ ಮುಚ್ಚಿಹೋಗಿರುತ್ತದೆ. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಣ್ಣಗೆ ಮಾಡುತ್ತದೆ, ಹೊಸ ಗಾಳಿ ತರುವುದಿಲ್ಲ. ನೇರ ಎಕ್ಸಾಸ್ಟ್ ಇಟ್ಟರೆ ಅದೇ ದೊಡ್ಡ ಸಂದು. ನಾವು ಬಡಗಿ ಕೈಲಿ ಪ್ಲೈವುಡ್ಡಿನ ಎರಡು ಪೆಟ್ಟಿಗೆ ಮಾಡಿಸಿದೆವು, ಒಂದು ಗಾಳಿ ಬರಲು, ಒಂದು ಹೋಗಲು. ಒಳಗೆ ಗಾಳಿ ನಾಲ್ಕು ಸಲ ತಿರುಗುವ ಹಾಗೆ ಅಡ್ಡ ಹಲಗೆ, ಎಲ್ಲ ಮೈಗೂ ಗ್ಲಾಸ್‌ವೂಲ್, ಅದರ ಮೇಲೆ ಬಟ್ಟೆ. ಫ್ಯಾನ್ ಹೊರಗಿನ ತುದಿಯಲ್ಲಿ. ಗಾಳಿಯ ದಾರಿ ಅಗಲವಾಗಿರಲಿ, ಇಲ್ಲದಿದ್ದರೆ "ಸುಯ್" ಅಂತ ಅದೇ ಮೈಕಿಗೆ ಬರುತ್ತದೆ.

ಗೋಡೆಯಲ್ಲಿ ತೇವ ಇದ್ದರೆ ಬೋರ್ಡ್ ಹಾಕುವ ಮೊದಲೇ ಸರಿ ಮಾಡಿಸಿ. ಮಂಗಳೂರು, ಮಲೆನಾಡಿನ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ, ಒಂದು ಮಳೆಗಾಲ ಸಾಕು ಬೋರ್ಡಿನ ಹಿಂದೆ ಬೂಷ್ಟು ಹಿಡಿಯಲು. ಗ್ಲಾಸ್‌ವೂಲ್ ನೀರು ಕುಡಿದು ಕೆಳಗೆ ಕುಸಿದು ಮೇಲಿನ ಅರ್ಧ ಖಾಲಿಯಾಗುತ್ತದೆ. ಹಾಗಾದಾಗ ಹೊರಗೆ ಸದ್ದು ಮತ್ತೆ ಜಾಸ್ತಿಯಾಗುತ್ತದೆ, ಕಾರಣ ಮಾತ್ರ ಕಣ್ಣಿಗೆ ಕಾಣುವುದಿಲ್ಲ.

ಇನ್ನೂ ಸರಿಯಾಗದ್ದು

ಈಗ ಅದೇ ಫೋನಿನಲ್ಲಿ, ಅದೇ ಜಾಗದಲ್ಲಿ ನಿಂತು ನೋಡಿದರೆ ಒಳಗೆ 95, ಹೊರಗೆ ಬೀದಿಯ ಸದ್ದು ಬಿಟ್ಟರೆ ಏನೂ ಇಲ್ಲ. ಅಜ್ಜಿ ಮೊನ್ನೆ "ಮಗು ಡ್ರಮ್ಸ್ ಬಿಟ್ಟುಬಿಟ್ಟಳಾ?" ಅಂತ ಕೇಳಿದರು. ಆದರೆ ಕಾರ್ಪೊರೇಷನ್ ನೀರು ಬಿಟ್ಟ ದಿನ ಸಂಪಿಗೆ ನೀರು ಬೀಳುವ ಸದ್ದು ನೆಲದಿಂದ ಮೈಕಿಗೆ ಬಂದೇ ಬರುತ್ತದೆ. ಒಳಹರಿವಿನ ಪೈಪನ್ನು ತಳದವರೆಗೆ ಇಳಿಸಿದ ಮೇಲೆ ಅರ್ಧ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ನಮ್ಮ ಬೀದಿಗೆ ನೀರು ದಿನ ಬಿಟ್ಟು ದಿನ. ನೀರಿಲ್ಲದ ದಿನ ತಂಬೂರಿ ಶ್ರುತಿ ಇಟ್ಟುಕೊಂಡು ರೆಕಾರ್ಡಿಂಗ್ ಮಾಡುತ್ತೇವೆ, ನೀರು ಬರುವ ದಿನ ಮಗಳು ಪ್ರಾಕ್ಟೀಸ್ ಮಾಡುತ್ತಾಳೆ.